ಗಂಗಾವಳಿಯ ಗಜನಿ

ನಮ್ಮ ಶಾಲೆಯ ಗೋಡೆಯ ನಕಾಶೆಯಲ್ಲಿ ಗಂಗಾವಳಿ ಒಂದು ನೀಲಿ ಗೆರೆ. ಧಾರವಾಡದ ಸೋಮೇಶ್ವರದ ಬಳಿ ಶಾಲ್ಮಲೆಯಾಗಿ ಹುಟ್ಟಿ, ಬೇಡ್ತಿಯಾಗಿ ಮಾಗೋಡಿನಲ್ಲಿ ಧುಮುಕಿ, ಅಂಕೋಲೆಯ ಮಂಜಗುಣಿಯ ಹತ್ತಿರ ಕಡಲು ಸೇರುತ್ತದೆ. ಪರೀಕ್ಷೆಗೆ ಅಷ್ಟು ಸಾಕಿತ್ತು.

ಆದರೆ ಹೊಳೆ ಕಡಲಿಗೆ ಹತ್ತಿರವಾದಂತೆ ಉಬ್ಬರದ ಉಪ್ಪುನೀರು ಒಳಗೆ ಬರುತ್ತದೆ. ಅಲ್ಲಿದ್ದದ್ದು ಗದ್ದೆಯಲ್ಲ, ಕೆಸರು. ಹಿರಿಯರು ಮಣ್ಣಿನ ಒಡ್ಡು ಹಾಕಿ ಅದರಲ್ಲಿ ಹಲಗೆಯ ಬಾಗಿಲಿಟ್ಟರು. ಇಳಿತದಲ್ಲಿ ತೆರೆದು ಒಳನೀರು ಹೊರಬಿಟ್ಟರು, ಉಬ್ಬರದಲ್ಲಿ ಮುಚ್ಚಿದರು. ಇದೇ ಗಜನಿ. ಮಳೆ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಿತ್ತು. ಅದು ಉಪ್ಪನ್ನೂ ತಡೆದುಕೊಳ್ಳುತ್ತದೆ, ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ. ಕೊಯ್ಲು ಮುಗಿದು ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಗದ್ದೆ ಅವರವರದು, ಒಡ್ಡು ಮಾತ್ರ ಎಲ್ಲರದು. ಒಂದು ಕಡೆ ಒಡೆದರೆ ಎಲ್ಲರ ಅನ್ನಕ್ಕೂ ಉಪ್ಪು. ಹತ್ತಾರು ವರ್ಷ ಪ್ರೋಗ್ರಾಮ್ ಬರೆದ ನನಗೆ ಇಷ್ಟು ಸರಳವಾದ, ಇಷ್ಟು ಬಾಳಿಕೆಯ ವ್ಯವಸ್ಥೆ ಇನ್ನೊಂದು ಕಂಡಿಲ್ಲ.

ಹಾಲಕ್ಕಿ ಒಕ್ಕಲಿಗರ ಕೊಪ್ಪಗಳು, ಅಂಬಿಗರ ಕೇರಿಗಳು ಈ ನೀರಿನ ಲೆಕ್ಕ ಹಿಡಿದೇ ನೆಲೆ ನಿಂತವು. ವಾಸರಕುದ್ರಿಗೆಯ ಹೆಸರಿನಲ್ಲಿ ‘ಕುದ್ರು’ ಅಡಗಿದೆಯೆಂದು ನನ್ನ ಊಹೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ಉತ್ತರಕ್ಕೆ ಕಾಳಿಯ ಮುಖದಲ್ಲಿ ಕಾರವಾರದ ಕಥೆ ಬೇರೆ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಅದು ಬಂದರು, ಕಚೇರಿಗಳ ಪಟ್ಟಣವಾಗಿ ಬೆಳೆಯಿತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು. ಎರಡೂ ತಾಲೂಕುಗಳ ಕಡಲತಡಿಯವರು ಮನೆ, ಗದ್ದೆ, ದೋಣಿ ಎಳೆಯುವ ಜಾಗ ಬಿಟ್ಟು ಪುನರ್ವಸತಿ ಕಾಲೊನಿಗಳಿಗೆ ಹೋದರು. ನಿವೇಶನ ಸಿಕ್ಕರೂ ಕಡಲು ದೂರವಾಯಿತು.

2019ರ ಆಗಸ್ಟ್ ನೆರೆಯಲ್ಲಿ ಕಾಳಿ, ಗಂಗಾವಳಿ ಎರಡೂ ದಡದ ಮನೆಗಳಿಗೆ ನುಗ್ಗಿದವು. 2024ರ ಜುಲೈ 16ರಂದು ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಕುಸಿಯಿತು. ರಸ್ತೆಯಲ್ಲಿದ್ದವರ ಜೀವ ಹೋಯಿತು. ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಕೊಚ್ಚಿಹಾಕಿತು. ಹೊಳೆಯ ಉಬ್ಬರ ಇಳಿತ ತಿಳಿದಿದ್ದ ಆ ಊರಿಗೆ ನೀರು ಗುಡ್ಡದ ಕಡೆಯಿಂದ ಬರಬಹುದೆಂಬ ಎಣಿಕೆ ಇರಲಿಲ್ಲ.

ಆ ದಿನ ಬೆಂಗಳೂರಿನಲ್ಲಿ ಫೋನು ಹಿಡಿದು ಕುಳಿತಾಗ ನನಗೆ ಅಜ್ಜ ನೆನಪಾದರು. ಯಾವ ತಿಥಿಗೆ ಉಬ್ಬರ ಎಷ್ಟೆಂದು ಅವರು ಬೆರಳೆಣಿಸಿ ಹೇಳುತ್ತಿದ್ದರು. ನಾನು ಬರೆದಿಟ್ಟುಕೊಳ್ಳಲಿಲ್ಲ. ಆ ಲೆಕ್ಕ ಬಲ್ಲ ಹಿರಿಯರು ನಮ್ಮೂರಲ್ಲಿ ಇನ್ನೂ ಕೆಲವರಿದ್ದಾರೆ. ಈ ವರ್ಷದ ಒಂಬತ್ತನೇ ತರಗತಿಯ ಮಕ್ಕಳು ಒಂದು ನೋಟ್‌ಬುಕ್ ಹಿಡಿದು ಅವರ ಮನೆಗಳಿಗೆ ಹೋಗಲಿ. ನೋಟ್‌ಬುಕ್ಕಿನ ಖರ್ಚು ನನ್ನದು.