ಬರೆದದ್ದು, ಯಂತ್ರಕ್ಕೆ ಮುಟ್ಟಿದ್ದು, ನಿಯಮದಲ್ಲಿರುವುದು

ಅಂಧೇರಿ ಪೂರ್ವದ ಸೀಪ್ಝ್ ವಲಯದ ಹೆಸರಿನಲ್ಲಿರುವುದು ಸಾಂತಾಕ್ರೂಜ್, ನೆಲ ಮಾತ್ರ ಅಂಧೇರಿಯದು. 1973ರಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನಿನ ರಫ್ತಿಗೆಂದು ಶುರುವಾದ ಈ ವಲಯದಿಂದ ಕೆಲವೇ ವರ್ಷಗಳಲ್ಲಿ ಸಾಫ್ಟ್‌ವೇರ್ ಕೂಡ ಹೊರದೇಶಕ್ಕೆ ಹೊರಟಿತು. ಅಂದಿನಿಂದ ಇಂದಿನವರೆಗೆ ಇಲ್ಲಿನ ಪ್ರೋಗ್ರಾಮರ್‌ಗಳು ಲೆಕ್ಕವಿಲ್ಲದಷ್ಟು ಸಾಲು ಕೋಡ್ ಬರೆದಿದ್ದಾರೆ. ಆದರೆ ಬರೆದ ಸಾಲು ಯಂತ್ರಕ್ಕೆ ಏನಾಗಿ ಮುಟ್ಟಿತು, ಆ ಸಾಲಿನ ಬಗ್ಗೆ ಭಾಷೆಯ ನಿಯಮ ಏನೆನ್ನುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಬಹುಕಾಲ ಸಾಮಾನ್ಯ ಪ್ರೋಗ್ರಾಮರ್ ಬಳಿ ಉತ್ತರವಿರಲಿಲ್ಲ. ಇಂದು ಎರಡಕ್ಕೂ ಬ್ರೌಸರಿನಲ್ಲೇ ಉತ್ತರ ಸಿಗುತ್ತದೆ. ಆ ಉತ್ತರ ಇಲ್ಲಿಯವರೆಗೆ ನಡೆದು ಬಂದ ದಾರಿಯನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಒಂದೇ ಹೆಸರು, ಎರಡು ಕೋಬಾಲ್

ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಟಿಫ್ರ್ಯಾಕ್ ಕಂಪ್ಯೂಟರ್ ಕೆಲಸಕ್ಕೆ ನಿಂತಾಗ ಈ ಪ್ರಶ್ನೆಗಳೇ ಹುಟ್ಟಿರಲಿಲ್ಲ. ಅಂದಿನ ಪ್ರೋಗ್ರಾಮರ್ ಬರೆಯುತ್ತಿದ್ದದ್ದೇ ಯಂತ್ರದ ಆದೇಶಗಳನ್ನು. 1964ರಲ್ಲಿ ಅದೇ ಸಂಸ್ಥೆಗೆ ಸಿಡಿಸಿ 3600 ಬಂತು, ಫೋರ್ಟ್ರಾನ್‌ನಲ್ಲಿ ಬರೆಯುವ ರೂಢಿ ಬೆಳೆಯಿತು. ಮನುಷ್ಯ ಬರೆದದ್ದಕ್ಕೂ ಯಂತ್ರ ನಡೆಸುವುದಕ್ಕೂ ನಡುವೆ ಕಂಪೈಲರ್ ಎಂಬ ದುಭಾಷಿ ನಿಂತಿತು. ದುಭಾಷಿ ಬಂದ ಮೇಲೆ ಅದು ಹೇಳಿದ್ದನ್ನು ನಂಬಬೇಕು, ಇಲ್ಲವೇ ಪರೀಕ್ಷಿಸಬೇಕು.

ಅಮೆರಿಕದಲ್ಲಿ ಫೋರ್ಟ್ರಾನ್‌ಗೆ 1966ರಲ್ಲಿ, ಕೋಬಾಲ್‌ಗೆ 1968ರಲ್ಲಿ ಸ್ಟ್ಯಾಂಡರ್ಡ್, ಅಂದರೆ ಭಾಷೆಯ ಅಧಿಕೃತ ನಿಯಮಪುಸ್ತಕ, ಬಂದರೂ ಪ್ರತಿ ಕಂಪನಿಯ ಯಂತ್ರದ ಕೋಬಾಲ್ ತನ್ನದೇ ಜಾಡಿನಲ್ಲಿ ನಡೆಯುತ್ತಿತ್ತು. ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ 1974ರಲ್ಲಿ ಕೈಗೆತ್ತಿಕೊಂಡ ಮೊದಮೊದಲ ರಫ್ತು ಕೆಲಸವೇ ಇದಕ್ಕೆ ಸಾಕ್ಷಿ. ಬರೋಸ್ ಕಂಪನಿಯ ಮಧ್ಯಮ ಗಾತ್ರದ ಯಂತ್ರಗಳ ಕೋಬಾಲ್‌ನಲ್ಲಿದ್ದ ಆಸ್ಪತ್ರೆಯ ತಂತ್ರಾಂಶವನ್ನು ಅದೇ ಕಂಪನಿಯ ಚಿಕ್ಕ ಯಂತ್ರಗಳ ಕೋಬಾಲ್‌ಗೆ ತರಬೇಕಿತ್ತು. ಕೆಲಸ ನಡೆದದ್ದು ಮುಂಬೈಯಲ್ಲಿ, ಅದೂ ಬೇರೊಂದು ಕಂಪನಿಯ ಐಸಿಎಲ್ 1903 ಯಂತ್ರದ ಮೇಲೆ. ಒಂದೇ ಹೆಸರಿನ ಭಾಷೆಯಿಂದ ಅದೇ ಹೆಸರಿನ ಭಾಷೆಗೆ ಅನುವಾದ! ನಿಯಮ ಎಲ್ಲರಿಗೂ ಒಂದಾಗದಿದ್ದರೆ ಎಷ್ಟು ಮನುಷ್ಯಶ್ರಮ ಬೀಳುತ್ತದೆ ಎಂಬುದನ್ನು ಈ ನಗರ ದುಡಿದೇ ಕಲಿತಿದೆ.

ನೀಲಿ ಪರದೆಯ ವರ್ಷಗಳು

ಸಿ ಭಾಷೆಗೆ 1989ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್, 1990ರಲ್ಲಿ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಬಂತು. ಸಿ++ ಭಾಷೆಗೆ ಬಂದದ್ದು 1998ರಲ್ಲಿ. ಆದರೆ ನಮ್ಮ ಕಾಲೇಜು ಲ್ಯಾಬುಗಳಲ್ಲಿ ಅದಕ್ಕೂ ಹಿಂದಿನ ಟರ್ಬೊ ಸಿ++ ಕಂಪೈಲರಿನ ನೀಲಿ ಪರದೆಯೇ ವರ್ಷಗಟ್ಟಲೆ ಉಳಿಯಿತು. ಸ್ಟ್ಯಾಂಡರ್ಡ್ ಎಂಬುದು ದುಡ್ಡು ಕೊಟ್ಟು ತರಿಸಬೇಕಾದ ದಪ್ಪ ದಸ್ತಾವೇಜು. ಪಾಠಪುಸ್ತಕ ಓದಿದ ಹುಡುಗರ ಕೈಗೆ ಅದು ಬರುತ್ತಿರಲಿಲ್ಲ. ಆ ಕಂಪೈಲರ್ ಕೊಟ್ಟ ಉತ್ತರವೇ ಭಾಷೆಯ ನಿಯಮ ಎಂದು ಒಂದು ತಲೆಮಾರು ನಂಬಿತು.

ಆ ತಲೆಮಾರಿಗೆ ಮರೆಯಲಾಗದ ಸಂದರ್ಶನದ ಪ್ರಶ್ನೆಯೊಂದಿದೆ: ‘ಐ’ಯ ಬೆಲೆ 5 ಇದ್ದಾಗ, ಒಂದೇ ಪ್ರಿಂಟ್‌ಎಫ್‌ನಲ್ಲಿ ‘ಐ++’ ಮತ್ತು ‘++ಐ’ ಎರಡನ್ನೂ ಕೊಟ್ಟರೆ ಏನು ಅಚ್ಚಾಗುತ್ತದೆ? ಬಾಯಿಪಾಠದ ಉತ್ತರ ಎಲ್ಲರಲ್ಲೂ ಇತ್ತು. ಸಿ ಸ್ಟ್ಯಾಂಡರ್ಡ್ ಪ್ರಕಾರ ಆ ಸಾಲಿಗೆ ಅರ್ಥವೇ ನಿಗದಿಯಾಗಿಲ್ಲ, ಇಂಥದ್ದೇ ಉತ್ತರ ಬರಬೇಕೆಂಬ ಕಟ್ಟುಪಾಡಿಲ್ಲ. ಪ್ರಶ್ನೆಯೇ ತಪ್ಪು ಎಂದು ಹೇಳಬೇಕಿದ್ದವರ ಬಳಿ ಹಾಗೆ ಹೇಳಲು ಆಧಾರವಿರಲಿಲ್ಲ.

ಪೊವಾಯಿಯಲ್ಲಿ ನಡೆದ ಇಣುಕುವಿಕೆ

ಆದರೆ ಅಂಧೇರಿಯ ಸುತ್ತಮುತ್ತಲೇ ಈ ಕತ್ತಲನ್ನು ಕರಗಿಸುವ ಕೆಲಸವೂ ನಡೆಯುತ್ತಿತ್ತು. ಪೊವಾಯಿಯ ಐಐಟಿ ಬಾಂಬೆಯಲ್ಲಿ ಡಿ. ಎಂ. ಢಮಢೇರೆ ಕಂಪೈಲರ್ ಕೋಡನ್ನು ಹೇಗೆ ಚುರುಕುಗೊಳಿಸುತ್ತದೆ ಎಂಬುದರ ಮೇಲೆ ದಶಕಗಳ ಕಾಲ ಸಂಶೋಧನೆ ನಡೆಸಿದರು, ಭಾರತದ ವಿದ್ಯಾರ್ಥಿಗಳಿಗಾಗಿ ಪಾಠಪುಸ್ತಕ ಬರೆದರು. ಅವರೊಡನೆ ಸಂಶೋಧನೆ ಮಾಡಿದ ಉದಯ್ ಖೇಡ್ಕರ್ ಮುಂದೆ ಅಲ್ಲೇ ಜಿಸಿಸಿ ಸಂಪನ್ಮೂಲ ಕೇಂದ್ರವನ್ನು ಕಟ್ಟಿದರು.

ಜಿಸಿಸಿ ಎಂದರೆ 1987ರಲ್ಲಿ ಹೊರಬಂದ ಮುಕ್ತ ಕಂಪೈಲರ್. ಅದರ ಸ್ವಂತ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು. ಒಂದು ಆಯ್ಕೆ ಕೊಟ್ಟರೆ ಅದು ಯಂತ್ರದ ಆದೇಶಗಳನ್ನು ಮನುಷ್ಯರು ಓದಬಹುದಾದ ರೂಪದಲ್ಲಿ, ಅಂದರೆ ಅಸೆಂಬ್ಲಿಯಲ್ಲಿ, ಮುಂದಿಡುತ್ತದೆ. ಇನ್ನೊಂದು ಕೊಟ್ಟರೆ ಕೋಡ್ ಹಂತಹಂತವಾಗಿ ಹೇಗೆ ರೂಪ ಬದಲಿಸಿತು ಎಂಬುದನ್ನೆಲ್ಲ ಕಡತಗಳಲ್ಲಿ ಬರೆದಿಡುತ್ತದೆ. ಪೊವಾಯಿಯ ಕಾರ್ಯಾಗಾರಗಳಲ್ಲಿ ಈ ಕಡತಗಳನ್ನು ಬಿಡಿಸಿ ಓದುವುದನ್ನೇ ಒಂದು ಪಾಠವಾಗಿ ಹೇಳಿಕೊಟ್ಟರು. ಐಐಟಿ ಬಾಂಬೆಯಲ್ಲೇ ಓದಿದ ವಿಕ್ರಮ್ ಅಡ್ವೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ತಮ್ಮ ವಿದ್ಯಾರ್ಥಿ ಕ್ರಿಸ್ ಲ್ಯಾಟ್ನರ್ ಜೊತೆ 2000ದ ಹೊತ್ತಿಗೆ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಯೋಜನೆಯನ್ನು ಶುರು ಮಾಡಿದರು. ಕಂಪೈಲರಿನ ನಡುಹಂತದ ಭಾಷೆ ಮನುಷ್ಯರೂ ಓದುವಂತಿರಬೇಕು ಎಂಬುದು ಅದರ ರಚನೆಯಲ್ಲೇ ಇತ್ತು. ಇಂದಿನ ಕ್ಲ್ಯಾಂಗ್ ಕಂಪೈಲರ್, ರಸ್ಟ್ ಮತ್ತು ಸ್ವಿಫ್ಟ್ ಭಾಷೆಗಳು, ಎಲ್ಲಕ್ಕೂ ಅದೇ ಬುನಾದಿ.

ಬ್ರೌಸರಿಗೆ ಬಂದ ಅಸೆಂಬ್ಲಿ

ಇಷ್ಟಾದರೂ ಅಸೆಂಬ್ಲಿ ನೋಡಲು ಕಂಪೈಲರ್ ಹಾಕಿಕೊಳ್ಳಬೇಕಿತ್ತು, ಆಯ್ಕೆಗಳನ್ನು ತಿಳಿದಿರಬೇಕಿತ್ತು. ಆ ಗೋಡೆ ಬಿದ್ದದ್ದು 2012ರಲ್ಲಿ. ಸಿ++11 ತಂದ ಹೊಸ ಬಗೆಯ ಫಾರ್ ಲೂಪ್ ಹಳೆಯದರಷ್ಟೇ ವೇಗವಾಗಿದೆಯೇ ಎಂಬ ಚರ್ಚೆ ಪ್ರೋಗ್ರಾಮರ್ ಮ್ಯಾಟ್ ಗಾಡ್‌ಬೋಲ್ಟ್ ಕೆಲಸ ಮಾಡುತ್ತಿದ್ದ ಕಡೆ ಎದ್ದಿತು. ಕೋಡ್ ಬದಲಿಸಿದಂತೆಲ್ಲ ಅಸೆಂಬ್ಲಿಯನ್ನು ಮತ್ತೆ ಮತ್ತೆ ತೋರಿಸುವ ಪುಟ್ಟ ಸ್ಕ್ರಿಪ್ಟ್ ಒಂದನ್ನು ಅವರು ಹೊಂದಿಸಿಕೊಂಡರು. ಅದೇ ಜಾಲತಾಣವಾಗಿ ಬೆಳೆದು ಕಂಪೈಲರ್ ಎಕ್ಸ್‌ಪ್ಲೋರರ್ ಎನಿಸಿತು. ಎಡಕ್ಕೆ ನಾವು ಬರೆದ ಕೋಡ್, ಬಲಕ್ಕೆ ಅಸೆಂಬ್ಲಿ. ಯಾವ ಸಾಲು ಯಾವ ಆದೇಶವಾಯಿತು ಎಂಬುದು ಬಣ್ಣದಿಂದಲೇ ಗೊತ್ತಾಗುತ್ತದೆ.

ಒಂದರಿಂದ ಎನ್‌ವರೆಗೆ ಕೂಡುವ ಲೂಪ್ ಬರೆದು ಕ್ಲ್ಯಾಂಗ್‌ಗೆ ಕೊಟ್ಟು ನೋಡಿ. ಕೋಡನ್ನು ಚುರುಕುಗೊಳಿಸುವ ಆಪ್ಟಿಮೈಸೇಶನ್ ಹಾಕಿದರೆ ಲೂಪೇ ಮಾಯ. ಶಾಲೆಯಲ್ಲಿ ಕಲಿತ ಸೂತ್ರ, ಎನ್ ಅನ್ನು ಎನ್+1ರಿಂದ ಗುಣಿಸಿ ಎರಡರಿಂದ ಭಾಗಿಸುವುದು, ಅಲ್ಲಿ ಒಂದು ಗುಣಾಕಾರದ ರೂಪದಲ್ಲಿ ಕುಳಿತಿರುತ್ತದೆ. ಇದನ್ನು ಕಣ್ಣಾರೆ ಕಂಡವರು ಕಂಪೈಲರನ್ನು ಮತ್ತೆ ಬರೀ ಟೈಪಿಸ್ಟ್ ಎಂದುಕೊಳ್ಳಲಾರರು. ಮುಂದೆ ಆಂಡ್ರಿಯಾಸ್ ಫರ್ಟಿಗ್ ರೂಪಿಸಿದ ಸಿ++ ಇನ್‌ಸೈಟ್ಸ್, ಕಂಪೈಲರ್ ನಮ್ಮ ಪರವಾಗಿ ಸೇರಿಸುವ ಕೋಡನ್ನು ಸಿ++ನಲ್ಲೇ ಬಿಡಿಸಿ ತೋರಿಸಿತು. ಕ್ವಿಕ್ ಬೆಂಚ್ ಎರಡು ತುಣುಕುಗಳ ವೇಗವನ್ನು ತೂಗಿ ತೋರಿಸಿತು.

ನಿಯಮವೂ ಬಯಲಿಗೆ

ಇದೇ ಕಾಲದಲ್ಲಿ ನಿಯಮಪುಸ್ತಕದ ಬಾಗಿಲೂ ತೆರೆಯಿತು. ಅಂತಿಮ ಸ್ಟ್ಯಾಂಡರ್ಡ್ ಇಂದಿಗೂ ಮಾರಾಟದ ಸರಕೇ. ಆದರೆ ಸಿ++ ಸಮಿತಿಯ ಕರಡು ಗಿಟ್‌ಹಬ್‌ನಲ್ಲಿ ಎಲ್ಲರ ಕಣ್ಣೆದುರಿದೆ, ಪ್ರತಿ ಪ್ರಸ್ತಾವವೂ ಸಂಖ್ಯೆಯೊಡನೆ ಓದಲು ಸಿಗುತ್ತದೆ. ಸಿಪಿಪಿರೆಫರೆನ್ಸ್ ತಾಣ ಯಾವ ಸೌಲಭ್ಯ ಯಾವ ಕಂಪೈಲರಿನ ಯಾವ ಆವೃತ್ತಿಯಲ್ಲಿದೆ ಎಂದು ಪಟ್ಟಿ ಮಾಡಿದೆ. 2011ರ ನಂತರ 14, 17, 20, 23 ಎಂದು ಸಿ++ ಮೂರು ವರ್ಷಕ್ಕೊಮ್ಮೆ ಹೊಸದಾಗುತ್ತಿರುವಾಗ ಈ ಪಟ್ಟಿಯಿಲ್ಲದೆ ಹೆಜ್ಜೆ ಹಾಕುವುದೇ ಕಷ್ಟ. ಪೈಥಾನ್ ಮತ್ತು ರಸ್ಟ್ ಭಾಷೆಗಳಂತೂ ಪ್ರಸ್ತಾವಗಳನ್ನು ಬಯಲಿನಲ್ಲಿ ಚರ್ಚಿಸಿಯೇ ಬೆಳೆದವು.

ಎರಡು ಒರೆಗಲ್ಲು

ನನ್ನ ಮುಖ್ಯ ಮಾತು ಇಷ್ಟೇ: ಈ ಎರಡು ಬಗೆಯ ಸಾಧನಗಳನ್ನು ಒಟ್ಟಿಗೆ ಬಳಸಬೇಕು. ಎಕ್ಸ್‌ಗಿಂತ ಎಕ್ಸ್+1 ದೊಡ್ಡದೇ ಎಂದು ಕೇಳುವ ಫಂಕ್ಷನ್ ಬರೆದು ಆಪ್ಟಿಮೈಸೇಶನ್ ಹಾಕಿದರೆ ಜಿಸಿಸಿ, ಕ್ಲ್ಯಾಂಗ್ ಎರಡೂ ಎಕ್ಸನ್ನು ನೋಡದೆಯೇ ‘ಹೌದು’ ಎನ್ನುತ್ತವೆ. ಹಾಗಾದರೆ 32 ಬಿಟ್ಟಿನ ಎಕ್ಸ್ ತನ್ನ ಗರಿಷ್ಠ ಬೆಲೆಯಾದ 2147483647ಕ್ಕೆ ಮುಟ್ಟಿದಾಗ? ಅಸೆಂಬ್ಲಿ ನೋಡಿದವರಿಗೆ ಅಚ್ಚರಿಯಾಗುತ್ತದೆ, ಕಾರಣ ಸಿಗುವುದು ಸ್ಟ್ಯಾಂಡರ್ಡ್‌ನಲ್ಲಿ: ಚಿಹ್ನೆಯುಳ್ಳ ಪೂರ್ಣಾಂಕ ಮೇರೆ ಮೀರುವುದಕ್ಕೆ ಅಲ್ಲಿ ಅರ್ಥವಿಲ್ಲ, ಆದ್ದರಿಂದ ಮೀರುವುದೇ ಇಲ್ಲವೆಂದು ಕಂಪೈಲರ್ ಭಾವಿಸಬಹುದು. ಅದೇ ಎಕ್ಸನ್ನು ಚಿಹ್ನೆಯಿಲ್ಲದ ಪೂರ್ಣಾಂಕ ಮಾಡಿದರೆ ಮೇರೆ ಮೀರಿದಾಗ ಸೊನ್ನೆಗೆ ಮರಳುವುದು ನಿಯಮವಾದ್ದರಿಂದ ಹೋಲಿಕೆಯ ಆದೇಶ ಮತ್ತೆ ಕಾಣಿಸಿಕೊಳ್ಳುತ್ತದೆ. ಯಂತ್ರಕೋಡ್ ಇಂದು ಈ ಕಂಪೈಲರ್ ಏನು ಮಾಡಿತು ಎಂಬುದನ್ನಷ್ಟೇ ಹೇಳುತ್ತದೆ. ನಾಳೆಯ ಕಂಪೈಲರಿಗೆ ಏನು ಮಾಡಲು ಅವಕಾಶವಿದೆ ಎಂಬುದನ್ನು ನಿಯಮ ಹೇಳುತ್ತದೆ.

ರಫ್ತಿನ ಕೆಲಸ ಮಾಡುವ ಅಂಧೇರಿಯ ಕಚೇರಿಗಳಿಗೆ ಇನ್ನೊಂದು ಎಚ್ಚರವೂ ಬೇಕು. ಗ್ರಾಹಕರ ಕೋಡನ್ನು ಸಾರ್ವಜನಿಕ ತಾಣಕ್ಕೆ ಅಂಟಿಸುವುದು ಸಲ್ಲದು. ಕಂಪೈಲರ್ ಎಕ್ಸ್‌ಪ್ಲೋರರ್ ಮುಕ್ತ ತಂತ್ರಾಂಶವೇ ಆಗಿರುವುದರಿಂದ ಕಚೇರಿಯ ಸ್ವಂತ ಸರ್ವರ್‌ನಲ್ಲೂ ಅದನ್ನು ನಡೆಸಬಹುದು.

ಉಳಿದಿರುವ ಗೋಡೆ ಮಾತಿನದು. ಕರಡು, ಪ್ರಸ್ತಾವ, ಕಂಪೈಲರಿನ ಎಚ್ಚರಿಕೆ ಎಲ್ಲವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಸಿ ಮತ್ತು ಸಿ++ ಪಾಠಗಳನ್ನು ಕನ್ನಡದ ದನಿಯಲ್ಲೂ ಕೊಟ್ಟಿದೆ. ಸ್ಟ್ಯಾಂಡರ್ಡ್ ಓದುವ ಬಗೆಯನ್ನೂ ಕನ್ನಡದಲ್ಲಿ ಹೇಳಿಕೊಡುವವರು ಬೇಕು.

ಆ ಹಳೆಯ ಸಂದರ್ಶನದ ಪ್ರಶ್ನೆಯನ್ನೇ ಇಂದು ಬ್ರೌಸರಿನಲ್ಲಿ ಹಾಕಿದರೆ ಜಿಸಿಸಿ ಸಾಮಾನ್ಯವಾಗಿ 6 ಮತ್ತು 7 ಎನ್ನುತ್ತದೆ, ಕ್ಲ್ಯಾಂಗ್ 5 ಮತ್ತು 7 ಎನ್ನುತ್ತದೆ, ಜೊತೆಗೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಎರಡೂ ಕಂಪೈಲರ್‌ಗಳು ಸರಿಯಾಗಿಯೇ ಇವೆ. ಪರೀಕ್ಷಕರ ಮುಂದೆ ಕುಳಿತ ಹುಡುಗಿ ಈಗ ಆ ಎರಡು ಉತ್ತರಗಳನ್ನೂ ನಿಯಮದ ಆ ಸಾಲನ್ನೂ ತನ್ನ ಫೋನಿನಲ್ಲೇ ತೋರಿಸಿ, ‘ಸರ್, ಈ ಪ್ರಶ್ನೆಗೆ ಉತ್ತರವಿಲ್ಲ’ ಎಂದು ಧೈರ್ಯವಾಗಿ ಹೇಳಬಹುದು.