ಮಿಷೆಲ್ ಏಕರ್ಸ್: ಹತ್ತು ಡಾಲರ್ ಭತ್ಯೆಯ ಕಾಲದ ವಿಶ್ವ ಚಾಂಪಿಯನ್

1985ರ ಆಗಸ್ಟ್ ತಿಂಗಳು. ಅಮೆರಿಕದ ಹುಡುಗಿಯರ ಫುಟ್‌ಬಾಲ್ ತಂಡವೊಂದು ಇಟಲಿಯ ಸಮುದ್ರತೀರದ ಜೆಸೊಲೊ ಎಂಬ ಊರಿಗೆ ಹೊರಟು ನಿಂತಿತ್ತು. ತಂಡ ರಚನೆಯಾಗಿ ಕೆಲವೇ ದಿನಗಳಾಗಿದ್ದವು. ಆಟಗಾರ್ತಿಯರ ಕೈಗೆ ಬಂದ ಸಮವಸ್ತ್ರಗಳು ಗಂಡಸರ ಅಳತೆಯವು. ರಾತ್ರಿ ಕುಳಿತು ಅವನ್ನು ಕತ್ತರಿಸಿ, ಹೊಲಿದು, ಎದೆಯ ಮೇಲೆ ದೇಶದ ಹೆಸರಿನ ಅಕ್ಷರಗಳನ್ನು ಇಸ್ತ್ರಿ ಹಾಕಿ ಅಂಟಿಸಬೇಕಾಯಿತು. ದಿನವೊಂದಕ್ಕೆ ಹತ್ತು ಡಾಲರ್ ಭತ್ಯೆ. ಸಂಬಳದ ಮಾತೇ ಇರಲಿಲ್ಲ.

ಆಡಿದ ನಾಲ್ಕು ಪಂದ್ಯಗಳಲ್ಲಿ ಮೂರು ಸೋಲು, ಒಂದು ಡ್ರಾ. ಆಗಸ್ಟ್ 18ರಂದು ಇಟಲಿಯ ವಿರುದ್ಧ ನಡೆದ ಮೊದಲ ಪಂದ್ಯದಲ್ಲಿ ಅಮೆರಿಕ ಒಂದು ಗೋಲಿನಿಂದ ಸೋತಿತು. ಕಾಲಿನ ಗಾಯದಿಂದಾಗಿ ಆ ದಿನ ಅಂಕಣದ ಹೊರಗಿದ್ದ ಹತ್ತೊಂಬತ್ತರ ಹುಡುಗಿಯೊಬ್ಬಳು ಮೂರು ದಿನಗಳ ನಂತರ ಡೆನ್ಮಾರ್ಕ್ ವಿರುದ್ಧ ಕಣಕ್ಕಿಳಿದಳು. ಅಮೆರಿಕದ ಮಹಿಳಾ ತಂಡದ ಇತಿಹಾಸದ ಮೊಟ್ಟಮೊದಲ ಗೋಲು ಅವಳ ಕಾಲಿನಿಂದ ಬಂತು. ಪಂದ್ಯ 2-2ರಲ್ಲಿ ಮುಗಿಯಿತು. ಅವಳ ಹೆಸರು ಮಿಷೆಲ್ ಏಕರ್ಸ್.

ಫುಟ್‌ಬಾಲ್ ಎಂದರೆ ಅಮೆರಿಕನ್ನರಿಗೆ ಬೇರೆಯೇ ಆಟ. ತಲೆಗೆ ಶಿರಸ್ತ್ರಾಣ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ ಅದು. ಜಗತ್ತೆಲ್ಲ ಫುಟ್‌ಬಾಲ್ ಎನ್ನುವುದನ್ನು ಅವರು ಸಾಕರ್ ಎನ್ನುತ್ತಾರೆ. 1966ರ ಫೆಬ್ರುವರಿ 1ರಂದು ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ಹುಟ್ಟಿ, ಸಿಯಾಟಲ್ ನಗರದ ಆಸುಪಾಸಿನಲ್ಲಿ ಬೆಳೆದ ಮಿಷೆಲ್‌ಗೂ ಬಾಲ್ಯದಲ್ಲಿ ಕೈಯಿಂದ ಆಡುವ ಆ ಫುಟ್‌ಬಾಲಿನದೇ ಕನಸು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ ಆಡಬೇಕೆಂಬ ಆಸೆ. ಹುಡುಗಿಯರಿಗೆ ಅದು ಸಲ್ಲದು ಎಂಬ ಬುದ್ಧಿಮಾತು ಕೇಳಬೇಕಾಯಿತು. ಸಾಕರ್ ಕೈಹಿಡಿದದ್ದು ಹೀಗೆ, ಎರಡನೆಯ ಆಯ್ಕೆಯಾಗಿ.

ಗಂಡಸರ ಫುಟ್‌ಬಾಲಿನಲ್ಲಿ ಹಿಂದುಳಿದ ದೇಶವೊಂದು ಮಹಿಳಾ ಫುಟ್‌ಬಾಲಿನಲ್ಲಿ ಜಗತ್ತನ್ನೇ ಆಳಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಆಟದ ಮೈದಾನದಲ್ಲಿಲ್ಲ, ಶಾಸನ ಸಭೆಯಲ್ಲಿದೆ. 1972ರಲ್ಲಿ ಅಮೆರಿಕದ ಸಂಸತ್ತು ಶಿಕ್ಷಣ ಕಾಯಿದೆಗೆ ತಿದ್ದುಪಡಿಯೊಂದನ್ನು ತಂದಿತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಕಾರಣಕ್ಕೆ ಯಾರಿಗೂ ತಾರತಮ್ಯ ಮಾಡಕೂಡದು ಎಂಬುದು ಅದರ ತಾತ್ಪರ್ಯ. 'ಟೈಟಲ್ ನೈನ್' ಎಂದೇ ಹೆಸರಾದ ಈ ವಿಧಿಯಲ್ಲಿ ಕ್ರೀಡೆ ಎಂಬ ಪದವೇ ಇಲ್ಲ. ಆದರೂ ಅದರ ದೊಡ್ಡ ಫಲ ಕಂಡದ್ದು ಕ್ರೀಡೆಯಲ್ಲೇ. ಹುಡುಗರಿಗೆ ತಂಡಗಳನ್ನು, ವಿದ್ಯಾರ್ಥಿವೇತನಗಳನ್ನು ಕೊಡುತ್ತಿದ್ದ ಕಾಲೇಜುಗಳು ಹುಡುಗಿಯರಿಗೂ ಕೊಡಬೇಕಾಯಿತು. ದುಬಾರಿ ಸಲಕರಣೆ ಬೇಡದ, ಒಂದೇ ತಂಡದಲ್ಲಿ ಹೆಚ್ಚು ಜನಕ್ಕೆ ಅವಕಾಶವಿರುವ ಸಾಕರ್ ಈ ಲೆಕ್ಕಾಚಾರಕ್ಕೆ ಚೆನ್ನಾಗಿ ಒಗ್ಗಿತು.

ಯೂರೋಪಿನ ಕಥೆ ಇದಕ್ಕೆ ತದ್ವಿರುದ್ಧ. 1920ರ ಕ್ರಿಸ್‌ಮಸ್ ಮರುದಿನ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ನಡೆದ ಮಹಿಳೆಯರ ಪಂದ್ಯವೊಂದಕ್ಕೆ 53,000 ಜನ ಸೇರಿದ್ದರು. ಮರುವರ್ಷವೇ ಇಂಗ್ಲಿಷ್ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಮಹಿಳೆಯರ ಆಟವನ್ನು ನಿಷೇಧಿಸಿತು. ಆಟ ಹೆಂಗಸರಿಗೆ ತಕ್ಕುದಲ್ಲ ಎಂಬ ಕಾರಣವನ್ನೂ ಕೊಟ್ಟಿತು. ಆ ನಿಷೇಧ ಸುಮಾರು ಐವತ್ತು ವರ್ಷ ಉಳಿಯಿತು. ಪಶ್ಚಿಮ ಜರ್ಮನಿಯಲ್ಲಿ 1955ರಿಂದ 1970ರವರೆಗೆ, ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಇಂಥದೇ ನಿರ್ಬಂಧಗಳಿದ್ದವು. ಆಟ ಗೊತ್ತಿದ್ದ ದೇಶಗಳು ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿದ್ದವು. ಅಷ್ಟಾಗಿ ಗೊತ್ತಿಲ್ಲದ ದೇಶ ಬಾಗಿಲು ತೆರೆಯಿತು. ಅಮೆರಿಕದ ಮೇಲುಗೈಯನ್ನು ಪ್ರತಿಭೆಯೊಂದರಿಂದಲೇ ವಿವರಿಸುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಏಕರ್ಸ್ ಆ ಬಾಗಿಲಿನಿಂದ ಒಳಬಂದ ಮೊದಲ ತಲೆಮಾರಿನವರು. ಒರ್ಲ್ಯಾಂಡೊದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ ಆಡಿ, 1988ರಲ್ಲಿ ಕಾಲೇಜು ಸಾಕರ್‌ನ ಅತ್ಯುನ್ನತ ಗೌರವವಾದ ಹರ್ಮನ್ ಟ್ರೋಫಿಯನ್ನು ಪಡೆದರು. ಮಹಿಳೆಯರಿಗೆ ಆ ಪ್ರಶಸ್ತಿ ಕೊಟ್ಟದ್ದು ಅದೇ ಮೊದಲು. ಆದರೆ ಕಾಲೇಜು ಮುಗಿದ ಮೇಲೆ ಆಡುವುದೆಲ್ಲಿ? ತಾಯ್ನಾಡಿನಲ್ಲಿ ಮಹಿಳೆಯರಿಗೆ ವೃತ್ತಿಪರ ಲೀಗ್ ಇರಲಿಲ್ಲ. ಗಂಡಸರ ಲೀಗೇ 1984ರ ಋತುವಿನೊಂದಿಗೆ ಮುಚ್ಚಿಹೋಗಿತ್ತು. ವಿಶ್ವದ ಅತ್ಯುತ್ತಮ ಮುಂಚೂಣಿ ಆಟಗಾರ್ತಿ ಕ್ಲಬ್ ಪಂದ್ಯಗಳನ್ನಾಡಲು ಸ್ವೀಡನ್‌ಗೆ, ಅಲ್ಲಿನ ಟೈರೆಸೊ ತಂಡಕ್ಕೆ ಹೋಗಬೇಕಾಯಿತು.

1986ರಲ್ಲಿ ರಾಷ್ಟ್ರೀಯ ತಂಡದ ಹೊಣೆ ಆನ್ಸನ್ ಡೊರೆನ್ಸ್ ಅವರ ಪಾಲಿಗೆ ಬಂತು. ಮುಂಚೂಣಿಯಲ್ಲಿ ಮೂವರನ್ನು ನಿಲ್ಲಿಸಿ, ಎದುರಾಳಿಯ ಅಂಗಳದಲ್ಲೇ ಚೆಂಡಿಗೆ ಮುಗಿಬೀಳುವುದು ಅವರ ತಂತ್ರ. ನಡುವೆ ಏಕರ್ಸ್, ಅಕ್ಕಪಕ್ಕದಲ್ಲಿ ಕ್ಯಾರಿನ್ ಜೆನಿಂಗ್ಸ್ ಮತ್ತು ನಾಯಕಿ ಏಪ್ರಿಲ್ ಹೈನ್ರಿಕ್ಸ್. ಈ ತ್ರಿವಳಿಗೆ ಮೂರಲಗಿನ ಖಡ್ಗವೆಂಬ ಹೆಸರು ಬಿತ್ತು. ಐದಡಿ ಹತ್ತಂಗುಲ ಎತ್ತರದ ಏಕರ್ಸ್‌ಗೆ ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಸಾಟಿಯಿರಲಿಲ್ಲ. ಗಾಯಕ್ಕೆ ಅಂಜುವ ಸ್ವಭಾವವೂ ಅಲ್ಲ. ವೃತ್ತಿಜೀವನ ಮುಗಿಯುವ ಹೊತ್ತಿಗೆ ಮಂಡಿಗಳಿಗೆ ಹತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾಗಿದ್ದವು.

1991ರ ನವೆಂಬರ್‌ನಲ್ಲಿ ಚೀನಾದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ನಡೆಯಿತು. ಹಾಗೆಂದು ಇಂದು ಕರೆಯುತ್ತೇವೆ. ಆಗ ಫಿಫಾಕ್ಕೆ ವಿಶ್ವಕಪ್ ಎಂಬ ಹೆಸರನ್ನು ಕೊಡಲು ಮನಸ್ಸಿರಲಿಲ್ಲ. ಮಿಠಾಯಿ ಕಂಪೆನಿಯೊಂದರ ಪ್ರಾಯೋಜಕತ್ವದಲ್ಲಿ 'ಎಂ ಅಂಡ್ ಎಂಸ್ ಕಪ್'ಗಾಗಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಅದು. ತೊಂಬತ್ತು ನಿಮಿಷ ಆಡುವ ಕಸುವು ಹೆಂಗಸರಿಗಿದೆಯೇ ಎಂಬ ಅನುಮಾನವೂ ಇದ್ದಿರಬೇಕು. ಪಂದ್ಯಗಳನ್ನು ಎಂಬತ್ತು ನಿಮಿಷಗಳಿಗೆ ಇಳಿಸಲಾಗಿತ್ತು.

ಕ್ವಾರ್ಟರ್ ಫೈನಲ್‌ನಲ್ಲಿ ಚೀನೀ ತೈಪೆ ವಿರುದ್ಧ ಅಮೆರಿಕ ಗಳಿಸಿದ ಏಳು ಗೋಲುಗಳಲ್ಲಿ ಐದು ಏಕರ್ಸ್ ಅವರವು. ನವೆಂಬರ್ 30ರಂದು ಗ್ವಾಂಗ್‌ಜೌ ನಗರದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರೆದುರು ನಾರ್ವೆಯೊಡನೆ ಫೈನಲ್. ಇಪ್ಪತ್ತನೆಯ ನಿಮಿಷದಲ್ಲಿ ಫ್ರೀಕಿಕ್‌ನಿಂದ ತೇಲಿಬಂದ ಚೆಂಡನ್ನು ಏಕರ್ಸ್ ತಲೆಯಿಂದ ಬಲೆಗೆ ತಳ್ಳಿದರು. ನಾರ್ವೆಯ ಲಿಂಡಾ ಮೆಡಾಲೆನ್ ಸಮ ಮಾಡಿದರು. ಆಟ ಮುಗಿಯಲು ಎರಡೇ ನಿಮಿಷ ಇದ್ದಾಗ ನಾರ್ವೆಯ ರಕ್ಷಣಾ ಆಟಗಾರ್ತಿಯೊಬ್ಬರು ತಮ್ಮ ಗೋಲ್‌ಕೀಪರ್ ಕಡೆಗೆ ಹಿಂದಕ್ಕೆ ತಟ್ಟಿದ ಚೆಂಡು ಸಾಕಷ್ಟು ದೂರ ಸಾಗಲಿಲ್ಲ. ಏಕರ್ಸ್ ನುಗ್ಗಿ ಅದನ್ನು ವಶಪಡಿಸಿಕೊಂಡರು, ಗೋಲ್‌ಕೀಪರ್‌ರನ್ನು ದಾಟಿ ಬರಿದಾದ ಗೋಲಿಗೆ ಒದ್ದರು. ಅಮೆರಿಕ 2-1. ಟೂರ್ನಿಯಲ್ಲಿ ಹತ್ತು ಗೋಲು ಗಳಿಸಿದ ಅವರಿಗೆ ಚಿನ್ನದ ಬೂಟು ಸಂದಿತು. ಆ ವರ್ಷ ದೇಶದ ಪರ ಆಡಿದ 26 ಪಂದ್ಯಗಳಲ್ಲಿ ಅವರು ಗಳಿಸಿದ ಗೋಲುಗಳು 39.

ವಿಶ್ವ ಚಾಂಪಿಯನ್ನರು ತಾಯ್ನಾಡಿನಲ್ಲಿ ವಿಮಾನದಿಂದಿಳಿದಾಗ ಎದುರುಗೊಳ್ಳಲು ಬಂದವರು ಬೆರಳೆಣಿಕೆಯಷ್ಟು ಮಂದಿ. ಪಾದರಕ್ಷೆ ಕಂಪೆನಿಯ ಜಾಹೀರಾತು ಒಪ್ಪಂದ ಪಡೆದ ಮೊದಲ ಮಹಿಳಾ ಫುಟ್‌ಬಾಲ್ ಪಟು ಏಕರ್ಸ್ ಎಂಬುದೇ ಸದ್ಯದ ಸಮಾಧಾನ.

ನಿಜವಾದ ಪರೀಕ್ಷೆ ಆಮೇಲೆ ಬಂತು. 1993ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಆಡುತ್ತಿರುವಾಗಲೇ ಅವರು ಕುಸಿದುಬಿದ್ದರು. ಮರುವರ್ಷ ವೈದ್ಯರು ಹೆಸರಿಟ್ಟ ಕಾಯಿಲೆ ದೀರ್ಘಕಾಲೀನ ಬಳಲಿಕೆಯ ರೋಗಲಕ್ಷಣ. ನಿದ್ದೆಯಿಂದ ಕಳೆಯದ ದಣಿವು, ತಲೆ ಸಿಡಿಯುವ ನೋವು, ಮರೆವು. ಇಂದಿಗೂ ಇದಕ್ಕೆ ಖಚಿತ ಔಷಧಿಯಿಲ್ಲ. ಆ ದಿನಗಳಲ್ಲಂತೂ ಇದೊಂದು ರೋಗವೇ ಅಲ್ಲ, ಮನಸ್ಸಿನ ಭ್ರಮೆ ಎನ್ನುವವರು ಬಹಳ ಮಂದಿ ಇದ್ದರು. ಶ್ರಮ ಹೆಚ್ಚಿದಷ್ಟೂ ಉಲ್ಬಣಿಸುವ ಕಾಯಿಲೆ ಓಟವೇ ಕಸುಬಾದವರಿಗೆ ಬಂದದ್ದು ವಿಧಿಯ ಕ್ರೂರ ವಿನೋದವೆನ್ನಬೇಕು. 1995ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ, ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ತಲೆಗೂ ಮಂಡಿಗೂ ಪೆಟ್ಟು ತಿಂದು ಅವರು ಹೊರನಡೆದರು. ಸೆಮಿಫೈನಲ್‌ಗೆ ಮರಳಿದರೂ ನಾರ್ವೆ ಒಂದು ಗೋಲಿನಿಂದ ಗೆದ್ದು ಹಳೆಯ ಸೇಡು ತೀರಿಸಿಕೊಂಡಿತು.

ಹೊಸ ತರಬೇತುದಾರ ಟೋನಿ ಡಿಚಿಕೊ ಒಂದು ಉಪಾಯ ಹೂಡಿದರು. ಏಕರ್ಸ್ ಅವರನ್ನು ಮುಂಚೂಣಿಯಿಂದ ಹಿಂದಕ್ಕೆ ತಂದು, ರಕ್ಷಣಾ ಪಡೆಯ ಮುಂದೆ ಮಿಡ್‌ಫೀಲ್ಡರ್ ಆಗಿ ನಿಲ್ಲಿಸಿದರು. ಓಡುವುದು ಕಡಿಮೆ, ಚೆಂಡು ಹಂಚುವುದು ಹೆಚ್ಚು. ಗೋಲು ಗಳಿಸುವುದಕ್ಕೇ ಹೆಸರಾದವರು ಆ ಕೀರ್ತಿಯನ್ನು ಮಿಯಾ ಹ್ಯಾಮ್ ಮೊದಲಾದ ಕಿರಿಯರಿಗೆ ಬಿಟ್ಟುಕೊಟ್ಟು ಹಿಂದೆ ಸರಿಯುವುದು ಸುಲಭವಲ್ಲ. ಅವರ ಆಟದ ಅತ್ಯಂತ ಪಕ್ವ ವರ್ಷಗಳು ಇವೇ ಎಂದರೆ ತಪ್ಪಲ್ಲ.

ಹಣದ ಜಗಳವೂ ಇದೇ ಕಾಲದ್ದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮಹಿಳಾ ಫುಟ್‌ಬಾಲ್‌ಗೆ ಮೊದಲ ಬಾರಿ ಸ್ಥಾನ ದೊರಕಿತ್ತು. ಚಿನ್ನ ಗೆದ್ದರೆ ಮಾತ್ರ ಬಹುಮಾನದ ಹಣ ಎಂದಿತು ಅಮೆರಿಕದ ಫೆಡರೇಷನ್. ಬೆಳ್ಳಿಗೂ ಕೊಡಿ ಎಂದು ಕೇಳಿದ, ಏಕರ್ಸ್ ಸೇರಿದಂತೆ ಒಂಬತ್ತು ಹಿರಿಯ ಆಟಗಾರ್ತಿಯರಿಗೆ 1995ರ ಕೊನೆಯಲ್ಲಿ ತರಬೇತಿ ಶಿಬಿರದ ಬಾಗಿಲು ಮುಚ್ಚಿತು. ರಾಜಿಯಾದ ಮೇಲೆ ಅವರು ಮರಳಿದರು. ಗಂಡಸರ ತಂಡಕ್ಕೆ ಸಮನಾದ ವೇತನದ ಒಪ್ಪಂದ 2022ರಲ್ಲಿ ಕೈಗೂಡಿತು. ಅದರ ಮೊದಲ ಕಂತು ಈ ಒಂಬತ್ತು ಮಂದಿಯ ಹಟವೇ ಸರಿ.

ಒಲಿಂಪಿಕ್ ಸೆಮಿಫೈನಲ್‌ನಲ್ಲಿ ಎದುರಾದದ್ದು ಮತ್ತೆ ನಾರ್ವೆ. ಸೋಲಿನ ಅಂಚಿನಲ್ಲಿದ್ದ ತಂಡವನ್ನು ಏಕರ್ಸ್ ಪೆನಾಲ್ಟಿಯಿಂದ ಸಮ ಸ್ಥಿತಿಗೆ ತಂದರು, ಹೆಚ್ಚುವರಿ ಅವಧಿಯಲ್ಲಿ ಶಾನನ್ ಮ್ಯಾಕ್‌ಮಿಲನ್ ಗೆಲುವಿನ ಗೋಲು ಹೊಡೆದರು. ಚೀನಾ ವಿರುದ್ಧದ ಫೈನಲ್‌ಗೆ ಬಂದವರು 76,489 ಮಂದಿ. ಟೆಲಿವಿಷನ್ ಕಂಪೆನಿ ಮಾತ್ರ ಆ ಪಂದ್ಯವನ್ನು ಪೂರ್ತಿಯಾಗಿ ನೇರ ತೋರಿಸುವ ಗೋಜಿಗೆ ಹೋಗಲಿಲ್ಲ. ಚಿನ್ನದ ಪದಕದ ಹಿಂದೆ, ಪಂದ್ಯ ಮುಗಿದೊಡನೆ ಏಕರ್ಸ್ ತೋಳಿಗೆ ಡ್ರಿಪ್ ಹಾಕಿಸಿಕೊಂಡು ಮಲಗುತ್ತಿದ್ದ ದಿನಗಳಿದ್ದವು.

ಅದನ್ನು ಜಗತ್ತು ಕಂಡದ್ದು 1999ರ ಜುಲೈ 10ರಂದು. ಪ್ಯಾಸಡೀನಾದ ರೋಸ್ ಬೌಲ್ ಕ್ರೀಡಾಂಗಣದಲ್ಲಿ 90,185 ಪ್ರೇಕ್ಷಕರು. ಬಿರುಬಿಸಿಲು. ಎದುರಾಳಿ ಚೀನಾ, ಅದರ ಮುಂಚೂಣಿಯಲ್ಲಿ ಸುನ್ ವೆನ್. ಮೂವತ್ಮೂರರ ಏಕರ್ಸ್ ತೊಂಬತ್ತು ನಿಮಿಷಗಳ ಕಾಲ ಅಂಕಣದ ನಡುವೆ ಕಾವಲುಗಾರರಂತೆ ನಿಂತು ಚೀನಾದ ದಾಳಿಗಳನ್ನು ತುಂಡರಿಸಿದರು. ನಿಗದಿತ ಅವಧಿ ಮುಗಿಯುವ ಗಳಿಗೆಯಲ್ಲಿ ಚೀನಾದ ಕಾರ್ನರ್ ಕಿಕ್. ಚೆಂಡನ್ನು ತಡೆಯಲು ನೆಗೆದ ಏಕರ್ಸ್‌ಗೂ ಅದೇ ಚೆಂಡನ್ನು ಗುದ್ದಲು ಬಂದ ತಮ್ಮದೇ ಗೋಲ್‌ಕೀಪರ್ ಬ್ರಿಯಾನಾ ಸ್ಕರಿಗೂ ಡಿಕ್ಕಿಯಾಯಿತು. ಏಕರ್ಸ್ ನೆಲಕ್ಕೆ ಬಿದ್ದರು. ಹೆಚ್ಚುವರಿ ಅವಧಿಗೆ ಅವರು ಮರಳಲಿಲ್ಲ. ಅವರಿಲ್ಲದ ಅಂಕಣದಲ್ಲಿ ಚೀನಾಕ್ಕೆ ದಾರಿ ಸಲೀಸಾದದ್ದು ಎದ್ದು ಕಾಣುತ್ತಿತ್ತು. ಗೋಲಿನ ಗೆರೆಯ ಮೇಲೆ ನಿಂತು ಕ್ರಿಸ್ಟೀನ್ ಲಿಲಿ ತಲೆಯಿಂದ ಚೆಂಡನ್ನು ಹೊರಗಟ್ಟದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಕೊನೆಗೆ ಪೆನಾಲ್ಟಿಗಳಲ್ಲಿ ಅಮೆರಿಕ 5-4ರಿಂದ ಗೆದ್ದಿತು. ಕೊನೆಯ ಒದೆತ ಹಾಕಿದ ಬ್ರ್ಯಾಂಡಿ ಚೇಸ್ಟೇನ್ ಅಂಗಿ ಕಳಚಿ ಮಂಡಿಯೂರಿದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಏಕರ್ಸ್ ಆ ಹೊತ್ತಿಗೆ ಒಳಕೋಣೆಯಲ್ಲಿ ವೈದ್ಯರ ಕೈಯಲ್ಲಿದ್ದರು.

ಮರುವರ್ಷ ಸಿಡ್ನಿ ಒಲಿಂಪಿಕ್ಸ್‌ಗೆ ಕೆಲವೇ ವಾರಗಳಿದ್ದಾಗ, ಭುಜದ ಗಾಯ ಮಾಯದೆ, ಅವರು ನಿವೃತ್ತಿ ಘೋಷಿಸಿದರು. ಒಂದೂವರೆ ನೂರಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯಗಳು, ನೂರಕ್ಕೂ ಹೆಚ್ಚು ಗೋಲುಗಳು. ಶತಮಾನದ ಶ್ರೇಷ್ಠ ಆಟಗಾರ್ತಿಯೆಂಬ ಫಿಫಾ ಗೌರವವನ್ನು ಸುನ್ ವೆನ್ ಜತೆ ಹಂಚಿಕೊಂಡರು. 2004ರಲ್ಲಿ ಪೆಲೆ ಆರಿಸಿದ, ಆಗ ಬದುಕಿದ್ದ 125 ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿದ್ದ ಮಹಿಳೆಯರು ಇಬ್ಬರೇ, ಏಕರ್ಸ್ ಮತ್ತು ಹ್ಯಾಮ್. ಅಮೆರಿಕದಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಆರಂಭವಾದದ್ದು 2001ರಲ್ಲಿ. ಏಕರ್ಸ್ ಪಾಲಿಗೆ ಕಾಲ ಮಿಂಚಿತ್ತು. ಆ ಲೀಗ್ ಕೂಡ ಮೂರೇ ಋತುಗಳಲ್ಲಿ ನಿಂತುಹೋಯಿತು.

ನಿವೃತ್ತಿಯ ನಂತರ ಅವರು ಕೈಗೆತ್ತಿಕೊಂಡದ್ದು ದಿಕ್ಕಿಲ್ಲದ ಕುದುರೆಗಳನ್ನು ರಕ್ಷಿಸಿ ಸಾಕುವ ಕೆಲಸ. ಸಾವಿರಾರು ಬಾರಿ ಚೆಂಡಿಗೆ ತಲೆಯೊಡ್ಡಿದ್ದರಿಂದ ಮಿದುಳಿಗೆ ಏನಾಗಿರಬಹುದೆಂಬ ಆತಂಕವೂ ಜತೆಗಿತ್ತು. ಹಿಂದಿನ ಆಟಗಾರ್ತಿಯರ ಮಿದುಳಿನ ಆರೋಗ್ಯ ಕುರಿತು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಕೈಗೊಂಡಾಗ ಏಕರ್ಸ್ ಮತ್ತು ಚೇಸ್ಟೇನ್ ಇಬ್ಬರೂ ಹೆಸರು ಕೊಟ್ಟರು.