ಸೆಲ್ಫ್ ಹೊಡೆದರೂ ಹಳೆ ಪಿಕಪ್ ಸ್ಟಾರ್ಟ್ ಆಗ್ತಿಲ್ವಾ? ಪಂಪ್ ಬಿಚ್ಚಿಸೋ ಮೊದಲು ಈ ವೈರ್ ನೋಡಿ

ಟ್ಯಾಂಕಲ್ಲಿ ಡೀಸೆಲ್ ಇದೆ, ಲೈನಲ್ಲಿ ಏರ್ ಹಿಡಿದಿಲ್ಲ, ಸೆಲ್ಫ್ ಚೆನ್ನಾಗಿ ಹೊಡೆಯುತ್ತೆ. ಆದರೂ ಗಾಡಿ ಸ್ಟಾರ್ಟ್ ಆಗಲ್ಲ ಅಂದರೆ ತಕ್ಷಣ 'ಪಂಪ್ ಹೋಗಿದೆ' ಅಂದುಕೊಳ್ಳಬೇಡಿ. ಪಂಪ್ ಬಿಚ್ಚಿದರೆ ಟೈಮಿಂಗ್ ಮತ್ತೆ ಕೂರಿಸಬೇಕು. ಖರ್ಚೂ ಜಾಸ್ತಿ, ಬಾಡಿಗೆಯೂ ತಪ್ಪುತ್ತೆ.

ರೋಟರಿ ಪಂಪ್ ಇರುವ ಹಳೆ ಡೀಸೆಲ್ ಗಾಡಿಗಳಲ್ಲಿ ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ ಇರುತ್ತೆ. ಕೀ ಆನ್ ಮಾಡಿದಾಗ ಇದಕ್ಕೆ ಕರೆಂಟ್ ಬಂದರೆ ಮಾತ್ರ ಡೀಸೆಲ್ ಮುಂದೆ ಹೋಗುತ್ತೆ.

ಪರೀಕ್ಷೆ: ಕೀ ಆನ್ ಮಾಡುವಾಗ ಪಂಪಿನ ಹತ್ತಿರ 'ಟಕ್' ಸದ್ದು ಬರಬೇಕು. ಬರದಿದ್ದರೆ ಸೊಲೆನಾಯ್ಡ್ ವೈರ್ ತೆಗೆದು, ಅದರ ತುದಿಗೂ ಇಂಜಿನ್ ಬಾಡಿಗೂ ಟೆಸ್ಟ್ ಲ್ಯಾಂಪ್ ಹಿಡಿಯಿರಿ. 12 ವೋಲ್ಟ್ ಗಾಡಿಗೆ 12 ವೋಲ್ಟ್ ಬಲ್ಬನ್ನೇ ಬಳಸಿ.

ಬಲ್ಬ್ ಉರಿಯದಿದ್ದರೆ ಅಥವಾ ಮಂಕಾಗಿದ್ದರೆ ಫ್ಯೂಸ್, ಕಪ್ಲರ್, ಕೀ ಸ್ವಿಚ್‌ವರೆಗಿನ ವೈರ್ ನೋಡಿ. ಚೆನ್ನಾಗಿ ಉರಿದೂ 'ಟಕ್' ಇಲ್ಲದಿದ್ದರೆ ಸೊಲೆನಾಯ್ಡ್ ಮಾತ್ರ ಬದಲಿಸಿದರೆ ಸಾಕಾಗಬಹುದು.

ರಿಪೇರಿ: ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಹಸಿರು ಕಿಲುಬು ಹಿಡಿದ ಭಾಗ ಕತ್ತರಿಸಿ, ಅಷ್ಟೇ ದಪ್ಪದ ವೈರ್ ಸೇರಿಸಿ, ಹೊಸ ಲಗ್ ಒತ್ತಿಸಿ, ಸ್ಲೀವ್ ಹಾಕಿ. ಬರೀ ತಿರುಚಿ ಟೇಪ್ ಸುತ್ತಿದರೆ ಇಂಜಿನ್ ಬಿಸಿಗೆ, ವಾಟರ್ ಸರ್ವಿಸ್ ನೀರಿಗೆ ಮತ್ತೆ ಸಡಿಲವಾಗುತ್ತೆ. ವೈರ್ ಸೈಲೆನ್ಸರ್ ಪೈಪಿಗೆ ತಾಗದಂತೆ ಕಟ್ಟಿ.

ಎಚ್ಚರ: ಬ್ಯಾಟರಿಯಿಂದ ನೇರ ವೈರ್ ಎಳೆದು ಓಡಿಸಬೇಡಿ. ಕೀ ಆಫ್ ಮಾಡಿದರೂ ಇಂಜಿನ್ ನಿಲ್ಲಲ್ಲ. ಫ್ಯೂಸ್ ಇಲ್ಲದ ವೈರ್ ಶಾರ್ಟ್ ಆದರೆ ಗಾಡಿ, ಸರಕು ಎರಡಕ್ಕೂ ಬೆಂಕಿ. ಫ್ಯೂಸ್ ಪದೇ ಪದೇ ಹೋಗ್ತಿದ್ದರೆ ದೊಡ್ಡದು ಹಾಕಬೇಡಿ, ಎಲೆಕ್ಟ್ರಿಷಿಯನ್ ಹತ್ತಿರ ಶಾರ್ಟ್ ಎಲ್ಲಿದೆ ಅಂತ ಹುಡುಕಿಸಿ.